ನೆನೆಯದ ನೆರೆಯವನು

ರಸ್ತೆಯ ಅಪಘಾತದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಓದುವವರಿಗೆಲ್ಲ ಒಂದು ಮಾತು ಚಿರಪರಿಚಿತವಾದುದು. ಪೊಲೀಸ್ ಠಾಣೆಯ ದೂರಿನಿಂದ ಹೊರಟು, ವರದಿಗಾರನ ಲೇಖನಿಯನ್ನು ಹಾದು, ಕಡೆಗೆ ಪರಿಹಾರದ ಅರ್ಜಿಯಲ್ಲಿಯೂ ಬಂದು ಕುಳಿತುಕೊಳ್ಳುವ ಆ ಮಾತು 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂಬುದು. ವೇಗವನ್ನು ಅಳೆಯುವುದಕ್ಕೆ ಯಂತ್ರವುಂಟು. ಅಜಾಗರೂಕತೆಯನ್ನು ಅಳೆಯುವುದು ಯಾವುದರಿಂದ? ಮನುಷ್ಯನು ಯಾರ ವಿಷಯದಲ್ಲಿ ಎಚ್ಚರವಾಗಿರಬೇಕು, ಎಷ್ಟು ಎಚ್ಚರವಿದ್ದರೆ ಸಾಕು, ಎಚ್ಚರ ತಪ್ಪಿದುದರಿಂದ ಹುಟ್ಟಿದ ಕೇಡಿನಲ್ಲಿ ಎಷ್ಟು ದೂರದವರೆಗಿನದನ್ನು ತಪ್ಪಿದವನ ಲೆಕ್ಕಕ್ಕೆ ಬರೆಯತಕ್ಕದ್ದು ಎಂಬ ಪ್ರಶ್ನೆಗಳಿಗೆ ಇಂಗ್ಲೆಂಡಿನ ನ್ಯಾಯಾಲಯಗಳು ಸುಮಾರು ಇನ್ನೂರು ವರ್ಷಗಳಿಂದ ಉತ್ತರವನ್ನು ಹುಡುಕುತ್ತ ಬಂದಿವೆ. ಆ ಉತ್ತರಗಳನ್ನೇ ಇಂದು ನಮ್ಮ ನ್ಯಾಯಾಲಯಗಳೂ ಪರಿಹಾರದ ನ್ಯಾಯಮಂಡಳಿಗಳೂ ತಮ್ಮ ತೀರ್ಪುಗಳಲ್ಲಿ ಉಲ್ಲೇಖಿಸುತ್ತಿರುವುದರಿಂದ, ಅವು ಹುಟ್ಟಿದ ಬಗೆಯನ್ನು ತಿಳಿದುಕೊಳ್ಳುವುದು ನಮಗೂ ಅಗತ್ಯವಾದುದೇ.

ಕಾನೂನಿನ ಪರಿಭಾಷೆಯಲ್ಲಿ ನಿರ್ಲಕ್ಷ್ಯವು ಅಪಕೃತ್ಯಗಳ ವರ್ಗಕ್ಕೆ ಸೇರಿದುದು. ಅಪರಾಧ ಮಾಡಿದವನಿಗೆ ರಾಜ್ಯವು ದಂಡ ವಿಧಿಸುತ್ತದೆ. ಕರಾರನ್ನು ಮುರಿದವನು ಕರಾರಿನ ಇನ್ನೊಬ್ಬ ಪಕ್ಷಗಾರನಿಗೆ ಉತ್ತರ ಹೇಳಬೇಕಾಗುತ್ತದೆ. ಆದರೆ ದಂಡನೆಗೆ ಅರ್ಹವಾದ ದುರುದ್ದೇಶವೂ ಇಲ್ಲದೆ, ಮೊದಲೇ ಆಡಿಕೊಂಡ ಮಾತೂ ಇಲ್ಲದೆ, ಒಬ್ಬ ಅಪರಿಚಿತನ ನಡೆಯಿಂದ ಮತ್ತೊಬ್ಬ ಅಪರಿಚಿತನಿಗೆ ಕೇಡುಂಟಾದಾಗ, ಆ ಕೇಡನ್ನು ಹಣದಿಂದ ಸಾಧ್ಯವಾದಮಟ್ಟಿಗೆ ತುಂಬಿಕೊಡು ಎಂದು ವಿಧಿಸುವುದು ಅಪಕೃತ್ಯದ ಕಾನೂನು. ನಿರ್ಲಕ್ಷ್ಯದಿಂದ ನಡೆದವನು ಕೆಟ್ಟವನಾಗಿರಬೇಕಾಗಿಲ್ಲ. ಅವನು ಸಂಸಾರವಂತನೂ ದೈವಭಕ್ತನೂ ಆಗಿರಬಹುದು, ಯಾರಿಗೂ ಕೇಡನ್ನು ಬಯಸದವನಾಗಿರಬಹುದು. ಅವನ ತಪ್ಪೆಲ್ಲ ಇಷ್ಟೇ, ಒಂದು ಕೆಲಸದಲ್ಲಿ ಕೈಯಿಡುವ ಹೊತ್ತಿನಲ್ಲಿ ಯಾವನನ್ನು ನೆನೆಯಬೇಕಾಗಿದ್ದಿತೋ ಅವನನ್ನು ನೆನೆಯದೆ ಹೋದನು. ಈ ನೆನೆಯದಿರುವಿಕೆಯನ್ನು ಒಂದು ಋಣವಾಗಿ ಪರಿವರ್ತಿಸಿದುದೇ ಈ ಕಾನೂನಿನ ಸಾಧನೆಯೆಂದು ನಾನು ಭಾವಿಸಿದ್ದೇನೆ.

ಆ ಸಾಧನೆ ಸುಲಭದಲ್ಲಿ ಆದುದಲ್ಲ. ಹತ್ತೊಂಬತ್ತನೆಯ ಶತಮಾನದ ನ್ಯಾಯಾಧೀಶರಿಗೆ ಮನುಷ್ಯರ ನಡುವಣ ಹೊಣೆಗಾರಿಕೆಯೆಂದರೆ ಮುಖ್ಯವಾಗಿ ಕರಾರಿನ ಹೊಣೆಗಾರಿಕೆ. 1842ರಲ್ಲಿ ಅವರ ಮುಂದೆ ಬಂದ ವಿಂಟರ್‌ಬಾಟಮ್ ಎಂಬವನು ಅಂಚೆಯ ಕುದುರೆಗಾಡಿಯನ್ನು ಹೊಡೆಯುತ್ತಿದ್ದವನು. ಗಾಡಿಯನ್ನು ಒದಗಿಸಿ ಸುಸ್ಥಿತಿಯಲ್ಲಿಡುವುದಾಗಿ ರೈಟ್ ಎಂಬವನು ಅಂಚೆ ಇಲಾಖೆಯ ಮುಖ್ಯಾಧಿಕಾರಿಗೆ ಕರಾರು ಬರೆದುಕೊಟ್ಟಿದ್ದನು. ಗಾಡಿ ದಾರಿಯಲ್ಲಿ ಮುರಿದುಬಿದ್ದು ಸಾರಥಿಯು ಜೀವನಪರ್ಯಂತ ಕುಂಟನಾದನು. ರೈಟನು ಮಾತು ಕೊಟ್ಟಿದ್ದುದು ಅಂಚೆಯ ಅಧಿಕಾರಿಗೇ ಹೊರತು ಸಾರಥಿಗಲ್ಲ, ಆದಕಾರಣ ಸಾರಥಿಗೆ ಹಕ್ಕಿಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಕರಾರಿನ ಗೆರೆಯನ್ನು ಒಂದು ಹೆಜ್ಜೆ ದಾಟಿದರೆ ಐವತ್ತು ಹೆಜ್ಜೆ ದಾಟದಿರುವುದಕ್ಕೆ ಕಾರಣವೇ ಉಳಿಯುವುದಿಲ್ಲವೆಂಬುದು ಅಂದು ಪೀಠದಲ್ಲಿದ್ದ ಆಲ್ಡರ್ಸನ್ ಎಂಬ ನ್ಯಾಯಾಧೀಶನ ಭಯವಾಗಿದ್ದಿತು. ಮುರಿದ ಗಾಡಿಯ ಮೇಲೆ ಕುಳಿತಿದ್ದವನು ಯಾರೆಂಬುದು ರೈಟನಿಗೆ ತಿಳಿಯದೆ ಇದ್ದಿರಬಹುದು. ಯಾರೋ ಒಬ್ಬ ಸಾರಥಿ ಅಲ್ಲಿ ಕುಳಿತೇ ಇರುವನೆಂಬುದು ನಿಶ್ಚಯವಾಗಿದ್ದಿತು. ಆದರೂ ಆ ಸಾರಥಿಯು ಕಾನೂನಿನ ಕಣ್ಣಿಗೆ ಬೀಳಲಿಲ್ಲ.

ಅವನಂತಹವನು ಕಾನೂನಿನ ಕಣ್ಣಿಗೆ ಬೀಳುವುದಕ್ಕೆ ತೊಂಬತ್ತು ವರ್ಷಗಳು ಬೇಕಾದವು; ಅದಕ್ಕೆ ನಿಮಿತ್ತವಾದುದು ಒಂದು ಬಸವನಹುಳು. 1928ನೆಯ ಇಸವಿ ಆಗಸ್ಟ್ 26ರ ಸಾಯಂಕಾಲ, ಗ್ಲಾಸ್ಗೋ ನಗರದ ಅಂಗಡಿಯೊಂದರಲ್ಲಿ ದುಡಿದು ಜೀವಿಸುತ್ತಿದ್ದ ಮೇ ಡೊನಹ್ಯೂ ಎಂಬ ಹೆಂಗಸು, ಸಮೀಪದ ಪೇಸ್ಲಿ ಎಂಬ ಊರಿನ ವೆಲ್‌ಮೆಡೋ ಕೆಫೆಯಲ್ಲಿ ತನ್ನ ಸ್ನೇಹಿತೆಯೊಡನೆ ಕುಳಿತಿದ್ದಳು. ಸ್ನೇಹಿತೆಯು ಹಣ ಕೊಟ್ಟು ತರಿಸಿದ ಐಸ್‌ಕ್ರೀಮಿನ ಮೇಲೆ ಹೋಟೆಲಿನವನು ಶುಂಠಿಯ ರುಚಿಯ ಜಿಂಜರ್ ಬಿಯರ್ ಎಂಬ ಪಾನೀಯವನ್ನು ಸ್ವಲ್ಪ ಸುರಿದನು. ಅದನ್ನು ಡೊನಹ್ಯೂ ಕುಡಿದಳು. ಉಳಿದುದನ್ನು ಸ್ನೇಹಿತೆಯು ಲೋಟಕ್ಕೆ ಬಗ್ಗಿಸಿದಾಗ, ಕೊಳೆತ ಬಸವನಹುಳುವಿನ ದೇಹವೊಂದು ಅದರೊಡನೆ ತೇಲಿಬಂದಿತೆಂಬುದು ಆಕೆಯ ಹೇಳಿಕೆ. ಬಾಟಲಿಯ ಗಾಜು ಗಾಢವಾದ ಬಣ್ಣದ್ದು, ಒಳಗಿನ ವಸ್ತು ಹೊರಗೆ ಕಾಣದಂತಹುದು. ಆ ಅಸಹ್ಯದೃಶ್ಯದ ಆಘಾತದಿಂದಲೂ ಕುಡಿದುದರ ಪರಿಣಾಮವಾದ ಜಠರದ ಬೇನೆಯಿಂದಲೂ ನರಳಿ, ಗ್ಲಾಸ್ಗೋವಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಪಾನೀಯವನ್ನು ತಯಾರಿಸಿದ್ದ ಡೇವಿಡ್ ಸ್ಟೀವನ್‌ಸನ್ ಎಂಬವನಿಂದ ಆಕೆ 500 ಪೌಂಡುಗಳ ಪರಿಹಾರವನ್ನು ಕೇಳಿದಳು.

ಅಂದಿನ ಕಾನೂನಿನಂತೆ ಆಕೆಗೆ ಯಾವ ಬಾಗಿಲೂ ತೆರೆದಿರಲಿಲ್ಲ. ಹೋಟೆಲಿನವನೊಡನೆ ವ್ಯಾಪಾರ ಮಾಡಿದ್ದವಳು ಸ್ನೇಹಿತೆ, ಕುಡಿದವಳು ಈಕೆ. ಕೊಂಡವಳಿಗೆ ಕೇಡಾಗಿಲ್ಲ, ಕೇಡಾದವಳು ಕೊಂಡಿಲ್ಲ. ಹೋಟೆಲಿನವನ ಎಚ್ಚರ ತಪ್ಪಿತೆಂದು ಹೇಳೋಣವೆಂದರೆ, ಮುಚ್ಚಿದ ಬಾಟಲಿಯೊಳಗನ್ನು ಅವನಾದರೂ ಹೇಗೆ ನೋಡಬಲ್ಲನು? ತಯಾರಕನೊಡನೆ ಆಕೆಗೆ ಯಾವ ಕರಾರೂ ಇಲ್ಲ. ಸಾಲದುದಕ್ಕೆ, ಪಾನೀಯದ ಬಾಟಲಿಯಲ್ಲಿ ಸತ್ತ ಇಲಿ ದೊರೆತಿತೆಂಬ ಇಂತಹುದೇ ದಾವೆಯನ್ನು ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯವು 1929ರ ಮಾರ್ಚಿನಲ್ಲಿ ತಳ್ಳಿಹಾಕಿದ್ದಿತು. ಆ ದಾವೆಯಲ್ಲಿ ಸೋತಿದ್ದ ವಕೀಲ ವಾಲ್ಟರ್ ಲೀಚ್‌ಮನ್ನನೇ ಕೆಲವು ವಾರಗಳೊಳಗಾಗಿ ಡೊನಹ್ಯೂವಿನ ದಾವೆಯನ್ನೂ ಹೂಡಿದನೆಂಬುದನ್ನು ನೆನೆದಾಗಲೆಲ್ಲ ನನಗೆ ಆ ವೃತ್ತಿಯ ಮೇಲಣ ಗೌರವ ಹೆಚ್ಚುತ್ತದೆ. ಮೊದಲ ನ್ಯಾಯಾಧೀಶನು ಆಕೆಯ ಪರವಾಗಿ ಹೇಳಿದನು. ಮೇಲಿನ ಪೀಠ ಅದನ್ನು ರದ್ದುಪಡಿಸಿತು. ಉಳಿದುದು ಅಂದಿನ ಕಡೆಯ ಮೇಲ್ಮನವಿಪೀಠವಾದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಒಂದೇ. ಅಲ್ಲಿ ಸೋತರೆ ಎದುರಾಳಿಯ ಖರ್ಚನ್ನು ತೆರಲು ಆಕೆಯಲ್ಲಿ ಹಣವಿಲ್ಲ. ತನ್ನ ಸರ್ವಸ್ವವೂ ಐದು ಪೌಂಡು ಬಾಳುವುದಿಲ್ಲವೆಂದು ಆಕೆ ಪ್ರಮಾಣ ಮಾಡಿ, ಚರ್ಚಿನ ಪಾದ್ರಿ ಮತ್ತು ಇಬ್ಬರು ಹಿರಿಯರಿಂದ ಬಡತನದ ದೃಢೀಕರಣಪತ್ರವನ್ನು ತಂದೊಪ್ಪಿಸಿ, ನಿರ್ಗತಿಕಳಾಗಿ ಮೇಲ್ಮನವಿ ನಡೆಸುವ ಅನುಮತಿಯನ್ನು ಪಡೆದಳು.

1932ರ ಮೇ 26ರಂದು ಐವರು ನ್ಯಾಯಾಧೀಶರಲ್ಲಿ ಮೂವರು ಆಕೆಯ ಪರವಾಗಿಯೂ ಇಬ್ಬರು ವಿರುದ್ಧವಾಗಿಯೂ ತೀರ್ಪಿತ್ತರು. ಮೂವರಲ್ಲಿ ಒಬ್ಬನಾದ ಲಾರ್ಡ್ ಆಟ್ಕಿನ್ನನು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಹುಟ್ಟಿ ವೇಲ್ಸಿನಲ್ಲಿ ಬೆಳೆದವನು. ಇಲ್ಲೊಂದು, ಅಲ್ಲೊಂದು ಎಂದು ಚದರಿಬಿದ್ದಿದ್ದ ಹಳೆಯ ತೀರ್ಪುಗಳ ಹಿಂದೆ ಏನಾದರೊಂದು ಏಕಸೂತ್ರವಿರಲೇಬೇಕೆಂದು ಅರಸಿ, ಅವನು ಅದನ್ನು ಬೈಬಲ್ಲಿನ ಒಂದು ಪ್ರಸಂಗದಲ್ಲಿ ಕಂಡುಕೊಂಡನು. ನೆರೆಯವನನ್ನು ಪ್ರೀತಿಸು ಎಂಬ ವಿಧಿಯನ್ನು ಕೇಳಿದ ಧರ್ಮಶಾಸ್ತ್ರಿಯೊಬ್ಬನು, ನನ್ನ ನೆರೆಯವನು ಯಾರು ಎಂದು ಯೇಸುವನ್ನು ಮರುಪ್ರಶ್ನೆ ಮಾಡುತ್ತಾನೆ. ಕಾನೂನಿನಲ್ಲಿ ಆ ಪ್ರಶ್ನೆಗೆ ದೊರೆಯುವ ಉತ್ತರ ಇನ್ನೂ ಸಂಕುಚಿತವಾದುದೆಂದು ಆಟ್ಕಿನ್ನನು ಒಪ್ಪಿಕೊಳ್ಳುತ್ತಾನೆ: ನೆರೆಯವನನ್ನು ಪ್ರೀತಿಸಬೇಕಾಗಿಲ್ಲ, ಅವನನ್ನು ನೋಯಿಸದಿದ್ದರೆ ಸಾಕು. ಆದರೆ ನೆರೆಯವನು ಯಾರೆಂಬುದಕ್ಕೆ ಅವನು ಕೊಟ್ಟ ಲಕ್ಷಣ ಬಹು ವಿಶಾಲವಾದುದು. ನಾನು ಮಾಡುವ ಅಥವಾ ಮಾಡದೆ ಬಿಡುವ ಕಾರ್ಯದಿಂದ ಯಾರು ಎಷ್ಟು ಹತ್ತಿರದಿಂದಲೂ ನೇರವಾಗಿಯೂ ಬಾಧಿತರಾಗುವರೆಂದರೆ, ಆ ಕಾರ್ಯಕ್ಕೆ ಮನಸ್ಸನ್ನು ತಿರುಗಿಸುವಾಗಲೇ ಅವರು ನನ್ನ ಎಣಿಕೆಯಲ್ಲಿ ಇರಬೇಕಾದುದು ನ್ಯಾಯವೋ, ಅವರೇ ನನ್ನ ನೆರೆಯವರು.

ಕನ್ನಡದಲ್ಲಿ ನೆರೆಯವನೆಂದರೆ ಗೋಡೆಯಾಚೆಯವನು, ಬೇಲಿಯಾಚೆಯವನು, ಹಬ್ಬದ ದಿನ ಕಜ್ಜಾಯ ಕಳುಹಿಸತಕ್ಕವನು. ಅವನ ಮುಖ ನಮಗೆ ಗೊತ್ತು. ಆಟ್ಕಿನ್ನನ ನೆರೆಯವನಿಗೆ ಮುಖವಿಲ್ಲ. ಪೇಸ್ಲಿಯಲ್ಲಿ ಬಾಟಲಿಗೆ ಬಿರಟೆ ಹಾಕುವವನು ಆ ಬಾಟಲಿಯನ್ನು ಮುಂದೆ ಯಾರು ತೆರೆಯುವರೆಂಬುದನ್ನು ಅರಿಯನು, ಅರಿಯಲಾರನು. ಆದರೆ ತೆರೆಯುವವನೊಬ್ಬನು ಇದ್ದೇ ಇರುವನೆಂಬುದನ್ನೂ, ನಡುವೆ ಯಾರೂ ಒಳಗನ್ನು ಪರೀಕ್ಷಿಸುವ ಅವಕಾಶವಿಲ್ಲವೆಂಬುದನ್ನೂ, ತನ್ನ ಕಾರ್ಖಾನೆಯಿಂದ ಹೊರಟದ್ದು ಹೊರಟಂತೆಯೇ ಆ ಅಜ್ಞಾತನ ತುಟಿಯನ್ನು ಮುಟ್ಟುವುದೆಂಬುದನ್ನೂ ಅವನು ಅರಿತೇ ಇರುತ್ತಾನೆ. ಹತ್ತಿರವೆಂಬುದು ಭೂಮಿಯ ಮೇಲಿನ ಅಂತರವಾಗಿ ಉಳಿಯದೆ ಮನಸ್ಸಿನೊಳಗಿನ ಸಂಬಂಧವಾಗಿ ಮಾರ್ಪಟ್ಟದ್ದು ಇಲ್ಲಿಯೇ. ಸ್ಕಾಟ್ಲೆಂಡಿನ ದಾವೆಯಾದರೂ, ಈ ವಿಷಯದಲ್ಲಿ ಎರಡು ದೇಶಗಳ ಕಾನೂನೂ ಒಂದೇ ಎಂದು ಉಭಯಪಕ್ಷಗಳೂ ಒಪ್ಪಿಕೊಂಡಿದ್ದುದರಿಂದ, ಇಂಗ್ಲಿಷ್ ಕಾನೂನಿಗೂ ಅದೇ ಆಧಾರಸ್ತಂಭವಾಯಿತು.

ಭಿನ್ನಮತವನ್ನು ಬರೆದ ಲಾರ್ಡ್ ಬಕ್‌ಮಾಸ್ಟರನನ್ನು ಹಳಬನೆಂದು ತಳ್ಳಿಹಾಕುವುದು ಸರಿಯಲ್ಲ. ಕುಂಟನಾದ ಸಾರಥಿಯ ಕಾಲದ ಭಯವನ್ನೇ ಅವನು ಮತ್ತೆ ಎತ್ತಿ ಹೇಳಿದನು: ಆಹಾರದ ತಯಾರಕನಿಗೆ ಈ ಹೊಣೆಯಿದ್ದರೆ ಮನೆ ಕಟ್ಟಿದವನಿಗೇಕೆ ಇಲ್ಲ, ಎಲ್ಲಿ ನಿಲ್ಲುವುದು? ಮುಂದೆ ಬಂದ ನ್ಯಾಯಾಧೀಶರನ್ನೆಲ್ಲ ಈ ಪ್ರಶ್ನೆ ಕಾಡಿತು. ಮಾತಿನಿಂದಾದ ಹಣದ ನಷ್ಟ, ಸರ್ಕಾರಿ ಸಂಸ್ಥೆಗಳ ಉದಾಸೀನ, ಲೆಕ್ಕಪರಿಶೋಧಕರ ತಪ್ಪು ವರದಿ, ಇವುಗಳಲ್ಲಿ ಕರ್ತವ್ಯವೆಷ್ಟೆಂಬುದನ್ನು ಕುರಿತು 1963ರಿಂದ 1990ರವರೆಗೆ ಅವರು ಹಿಗ್ಗಿಸಿದರು, ಕುಗ್ಗಿಸಿದರು; ಮುಂಗಾಣ್ಕೆ ಮತ್ತು ಸಾಮೀಪ್ಯಗಳೊಡನೆ, ಹೊಣೆ ಹೊರಿಸುವುದು ನ್ಯಾಯೋಚಿತವೇ ಎಂಬುದನ್ನೂ ವಿಚಾರಿಸತೊಡಗಿದರು; ಹೊಸ ಬಗೆಯ ದಾವೆ ಬಂದಾಗ ಹಳೆಯ ತೀರ್ಪುಗಳ ಹೋಲಿಕೆಯಿಂದ ಹೆಜ್ಜೆ ಹೆಜ್ಜೆಯಾಗಿ ಮುಂದುವರಿಯಬೇಕೆಂಬುದೇ ಈಗಣ ಪದ್ಧತಿ. ಆ ವಿವರಗಳು ವಕೀಲರಿಗೆ ಸೇರಿದವು.

ಸಾಮಾನ್ಯ ಓದುಗನ ಮನಸ್ಸನ್ನು ಚುಚ್ಚುವ ವಿಷಯ ಬೇರೊಂದಿದೆ. ಧರ್ಮಶಾಸ್ತ್ರಿಯ ಪ್ರಶ್ನೆಗೆ ಯೇಸುವು ಹೇಳಿದ ಕಥೆಯಲ್ಲಿ, ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದಿದ್ದವನನ್ನು ಕಂಡೂ ಕಾಣದಂತೆ ಇಬ್ಬರು ದಾಟಿಹೋಗುತ್ತಾರೆ. ಮೂರನೆಯವನಾದ ಸಮಾರ್ಯದವನು ಮಾತ್ರ ನಿಂತು ಉಪಚರಿಸುತ್ತಾನೆ. ಇಂಗ್ಲಿಷ್ ಕಾನೂನಿನ ಪ್ರಕಾರ ದಾಟಿಹೋದ ಇಬ್ಬರಿಗೂ ಯಾವ ಹೊಣೆಯೂ ಇಲ್ಲ. ತಂದೆಯೋ ಗುರುವೋ ವೈದ್ಯನೋ ಆಗಿ ಮೊದಲೇ ಒಂದು ಸಂಬಂಧವನ್ನು ಹೊತ್ತಿರದ ದಾರಿಹೋಕನು, ನೀರಿನಲ್ಲಿ ಮುಳುಗುತ್ತಿರುವ ಪರರ ಮಗುವನ್ನು ದಡದಲ್ಲಿ ನಿಂತು ನೋಡುತ್ತಿದ್ದರೂ ಅವನ ಮೇಲೆ ದಾವೆ ನಡೆಯುವುದಿಲ್ಲ. ಪುಣ್ಯವನ್ನು ಪರೋಪಕಾರದಲ್ಲಿಯೂ ಪಾಪವನ್ನು ಪರಪೀಡನದಲ್ಲಿಯೂ ಕಂಡ ನಮ್ಮ ಹಿರಿಯರ ವಿಂಗಡಣೆಯನ್ನು ಹಿಡಿದು ಹೇಳುವುದಾದರೆ, ಈ ನ್ಯಾಯಪದ್ಧತಿಯು ಎರಡನೆಯ ಅರ್ಧವನ್ನಷ್ಟೇ ತನ್ನ ಅಧಿಕಾರಕ್ಕೆ ತೆಗೆದುಕೊಂಡು, ಮೊದಲನೆಯದನ್ನು ಮನುಷ್ಯನ ಅಂತಃಕರಣಕ್ಕೆ ಬಿಟ್ಟುಕೊಟ್ಟಿದೆ. ಇದಕ್ಕೆ ಸಮರ್ಥನೆಗಳಿಲ್ಲದಿಲ್ಲ, ನೂರು ಜನರು ನೋಡುತ್ತಿದ್ದಾಗ ಯಾರೊಬ್ಬನನ್ನು ಹೊಣೆಮಾಡುವುದೆಂಬುದು ಕಠಿನವೇ. ಆದರೂ ಮಗುವಿನ ಉದಾಹರಣೆಯ ಮುಂದೆ ಆ ಸಮರ್ಥನೆಗಳು ನನಗೆ ಸಮಾಧಾನವನ್ನು ಕೊಟ್ಟಿಲ್ಲ.

ಕರ್ತವ್ಯವಿದೆಯೆಂದು ಸಿದ್ಧವಾದ ಬಳಿಕ ಅದರ ಅಳತೆಯ ಪ್ರಶ್ನೆ. ಇಲ್ಲಿ ಕಾನೂನು ಒಬ್ಬ ಕಲ್ಪಿತ ಪುರುಷನನ್ನು ಮುಂದೆ ನಿಲ್ಲಿಸುತ್ತದೆ: ವಿವೇಕಿಯಾದ ಸಾಮಾನ್ಯ ಮನುಷ್ಯ. ಅವನನ್ನು ಲಂಡನ್ನಿನ ಕ್ಲಾಪಮ್ ಎಂಬ ಬಡಾವಣೆಗೆ ಹೋಗುವ ಬಸ್ಸಿನಲ್ಲಿ ಕುಳಿತ ಪ್ರಯಾಣಿಕನೆಂದು ಅಲ್ಲಿನವರು ವರ್ಣಿಸುವ ವಾಡಿಕೆ. ಅವನು ಸರ್ವಜ್ಞನಲ್ಲ, ಸಂತನಲ್ಲ, ಹೇಡಿಯೂ ಅಲ್ಲ. ಅವನು ಮಾಡುತ್ತಿದ್ದುದನ್ನು ಮಾಡದೆ ಬಿಟ್ಟವನು, ಮಾಡದೆ ಬಿಡುತ್ತಿದ್ದುದನ್ನು ಮಾಡಿದವನು ನಿರ್ಲಕ್ಷ್ಯಕ್ಕೆ ಹೊಣೆ. ಪ್ರತಿವಾದಿಯ ಸ್ವಂತ ಬುದ್ಧಿಯ ಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೇ ಎಂಬ ವಾದವು 1837ರಲ್ಲಿಯೇ ಬಂದಿದ್ದಿತು. ರೈತನೊಬ್ಬನು ನೆರೆಯವನ ಗುಡಿಸಿಲುಗಳ ಸಮೀಪದಲ್ಲಿ ಹುಲ್ಲಿನ ಬಣವೆ ಒಟ್ಟಿದ್ದನು; ಪೂರ್ತಿ ಒಣಗದ ಹುಲ್ಲನ್ನು ಒಟ್ಟಿದರೆ ಒಳಗೇ ಕಾವು ಏರಿ ಹೊತ್ತಿಕೊಳ್ಳುವುದೆಂಬುದನ್ನು ನಮ್ಮ ಒಕ್ಕಲಿಗರೂ ಬಲ್ಲರು; ಐದು ವಾರ ಜನರು ಎಚ್ಚರಿಸಿದರೂ, ಆದುದಾಗಲಿ ಎಂದು ಅವನು ಸುಮ್ಮನಿದ್ದನು; ಬಣವೆ ಹೊತ್ತಿ ಗುಡಿಸಿಲುಗಳು ಉರಿದುಹೋದವು. ತನ್ನ ಕಕ್ಷಿಗಾರನು ತನಗೆ ತಿಳಿದಮಟ್ಟಿಗೆ ಪ್ರಾಮಾಣಿಕವಾಗಿ ನಡೆದನೆಂದೂ, ಹೆಚ್ಚಿನ ಬುದ್ಧಿ ಇಲ್ಲದಿರುವುದು ಅವನ ದುರ್ದೈವವೆಂದೂ ಅವನ ವಕೀಲನು ವಾದಿಸಿದನು. ನ್ಯಾಯಾಲಯ ಒಪ್ಪಲಿಲ್ಲ, ಒಬ್ಬೊಬ್ಬನ ಪಾದದ ಉದ್ದವನ್ನೇ ಗಜವನ್ನಾಗಿ ಮಾಡಿಕೊಂಡರೆ ಯಾವುದನ್ನೂ ಅಳೆಯಲಾಗದೆಂಬುದು ಅದರ ತಾತ್ಪರ್ಯ. 1971ರಲ್ಲಿ ಈ ಕಾಠಿನ್ಯವು ತನ್ನ ಕಡೆಯ ಎಲ್ಲೆಯನ್ನು ಮುಟ್ಟಿತು: ಕಾರು ನಡೆಸುವುದನ್ನು ಕಲಿಯುತ್ತಿದ್ದ ಹೆಂಗಸೊಬ್ಬಳು ಮೂರನೆಯ ಪಾಠದಂದು ದೀಪದ ಕಂಬಕ್ಕೆ ಗುದ್ದಿ, ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದ ಸ್ನೇಹಿತನ ಮೊಣಕಾಲಿನ ಚಿಪ್ಪು ಮುರಿಯಲು, ಕಲಿಯುವವಳಿಗೂ ಪಳಗಿದ ಚಾಲಕನ ಅಳತೆಯೇ ಅನ್ವಯಿಸುವುದೆಂದು ಲಾರ್ಡ್ ಡೆನಿಂಗ್ ಮೊದಲಾದ ನ್ಯಾಯಾಧೀಶರು ಹೇಳಿದರು. ಕಠೋರವೆಂದು ತೋರಬಹುದು, ಆದರೆ ಕಾರಿನ ಚಕ್ರಕ್ಕೆ ಸಿಕ್ಕಿದವನ ಎಲುಬಿಗೆ, ಮೇಲೆ ಕುಳಿತವನು ಕಲಿತವನೋ ಕಲಿಯುವವನೋ ಎಂಬ ಭೇದವಿಲ್ಲವಷ್ಟೆ.

ಎಚ್ಚರಿಕೆಯ ಅಳತೆ ಒಂದೇ ಆದರೂ, ಅದು ಅಪಾಯದ ತೂಕವನ್ನು ಅನುಸರಿಸುತ್ತದೆ. ಇದನ್ನು ತಿಳಿಯುವುದಕ್ಕೆ ಕ್ರಿಕೆಟ್ಟಿನ ಚೆಂಡಿಗಿಂತ ಒಳ್ಳೆಯ ನಿದರ್ಶನವಿಲ್ಲ. ಮ್ಯಾಂಚೆಸ್ಟರಿನ ಚೀಟಮ್ ಹಿಲ್ ಎಂಬಲ್ಲಿ 1947ರ ಆಗಸ್ಟ್ 9ರಂದು ಮಿಸ್ ಸ್ಟೋನ್ ಎಂಬ ಮಹಿಳೆ ತನ್ನ ಮನೆಯ ಮುಂದಿನ ರಸ್ತೆಯಲ್ಲಿ ನಿಂತಿದ್ದಾಗ, ಮೈದಾನದಿಂದ ಸುಮಾರು ನೂರು ಗಜ ಹಾರಿಬಂದ ಚೆಂಡೊಂದು ಆಕೆಗೆ ಬಡಿಯಿತು. ಬೇಲಿಯ ಎತ್ತರ ಏಳು ಅಡಿ. ನೆಲದ ಇಳಿಜಾರಿನಿಂದಾಗಿ ಅದರ ತುದಿ ಆಟದ ಅಂಕಣಕ್ಕಿಂತ ಹದಿನೇಳು ಅಡಿ ಮೇಲಿದ್ದಿತು. ಸುಮಾರು ಮೂವತ್ತು ವರ್ಷಗಳಲ್ಲಿ ಚೆಂಡು ಆ ರಸ್ತೆಗೆ ಬಿದ್ದಿದ್ದುದು ಆರು ಬಾರಿಯಷ್ಟೇ, ಅದೂ ಯಾರಿಗೂ ತಗುಲದೆ. ಚೆಂಡು ಹೊರಗೆ ಬೀಳಬಹುದೆಂಬುದು ಕ್ಲಬ್ಬಿನವರಿಗೆ ತಿಳಿಯದುದಲ್ಲ. ತಿಳಿದಿದ್ದುದೇ ಸಾಕು ಹೊಣೆಗೆ ಎಂದಾದರೆ ಆಕೆ ಗೆಲ್ಲಬೇಕಾಗಿದ್ದಿತು. 1951ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದುದು ಬೇರೆ: ಬದುಕೆಂದರೆ ಸಣ್ಣ ಸಣ್ಣ ಅಪಾಯಗಳ ನಡುವೆ ನಡೆಯುವುದು, ವಿವೇಕಿಯಾದವನು ಕಲ್ಪನೆಗೆ ಬರುವ ಅಪಾಯಗಳನ್ನೆಲ್ಲ ತಡೆಯಲು ಹೊರಡನು, ಸಂಭವ ತೀರ ಕಡಿಮೆಯಾದುದನ್ನು ಗಣಿಸದೆ ಬಿಡುವನು. ಮಿಸ್ ಸ್ಟೋನಳಿಗೆ ಏನೂ ದೊರೆಯಲಿಲ್ಲ. ಆ ಕಾಲದಲ್ಲಿಯೇ ಅದೇ ಪೀಠದ ಮುಂದೆ ಬಂದ ಇನ್ನೊಂದು ದಾವೆಯಲ್ಲಿ, ಒಂದೇ ಕಣ್ಣಿನ ದೃಷ್ಟಿಯುಳ್ಳ ಗ್ಯಾರೇಜಿನ ಕೆಲಸಗಾರನ ಆ ಕಣ್ಣಿಗೂ ಕಬ್ಬಿಣದ ಚೂರು ಸಿಡಿದು ಅವನು ಪೂರ್ಣ ಕುರುಡನಾಗಿದ್ದನು. ಇತರ ಕೆಲಸಗಾರರಿಗೆ ರಕ್ಷಣೆಯ ಕನ್ನಡಕ ಕೊಡುವ ರೂಢಿಯಿಲ್ಲದಿದ್ದರೂ ಇವನಿಗೆ ಕೊಡಬೇಕಾಗಿದ್ದಿತೆಂದು ತೀರ್ಪಾಯಿತು; ಏಕೆಂದರೆ ಚೂರು ಸಿಡಿಯುವ ಸಂಭವ ಎಲ್ಲರಿಗೂ ಸಮಾನವಾದರೂ, ಸಿಡಿದಾಗ ಇತರರು ಒಂದು ಕಣ್ಣನ್ನು ಕಳೆದುಕೊಂಡರೆ ಇವನು ಲೋಕವನ್ನೇ ಕಳೆದುಕೊಳ್ಳುತ್ತಾನೆ. ಈ ಎರಡು ತೀರ್ಪುಗಳನ್ನು ಜೊತೆಯಲ್ಲಿಟ್ಟು ಓದಿದವನಿಗೆ ನಿರ್ಲಕ್ಷ್ಯದ ಸ್ವರೂಪ ಯಾವ ವ್ಯಾಖ್ಯೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ವೈದ್ಯನ ವಿಷಯದಲ್ಲಿ ಬಸ್ಸಿನ ಪ್ರಯಾಣಿಕನು ಪ್ರಮಾಣವಾಗಲಾರನು. ಆ ವಿದ್ಯೆಯಲ್ಲಿ ಪರಿಣತರಾದವರ ಒಂದು ಹೊಣೆಯರಿತ ಸಮೂಹವು ಯೋಗ್ಯವೆಂದು ಒಪ್ಪುವ ರೀತಿಯಲ್ಲಿ ನಡೆದವನು ನಿರ್ಲಕ್ಷ್ಯಕ್ಕೆ ಹೊಣೆಯಲ್ಲವೆಂದು 1957ರ ಬೋಲಮ್ ದಾವೆ ನಿಶ್ಚಯಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಇದನ್ನೇ ಅಂಗೀಕರಿಸಿದೆ. ಚಿಕಿತ್ಸೆಯ ಅಪಾಯಗಳನ್ನು ರೋಗಿಗೆ ತಿಳಿಸುವ ವಿಷಯದಲ್ಲಿ ಮಾತ್ರ, ವೈದ್ಯರ ರೂಢಿಯಲ್ಲ, ರೋಗಿಗೆ ಮುಖ್ಯವೆನಿಸತಕ್ಕದ್ದೇ ಪ್ರಮಾಣವೆಂದು 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ತಿದ್ದಿತು, ತಿದ್ದಿದುದು ಒಳ್ಳೆಯದಾಯಿತು. ಆದರೆ ಯಾವ ತಿದ್ದುಪಡಿಯಿಂದಲೂ ನೀಗದ ಸಂಕಟವೊಂದುಂಟು. 1947ರಲ್ಲಿ ಚೆಸ್ಟರ್‌ಫೀಲ್ಡಿನ ಆಸ್ಪತ್ರೆಯಲ್ಲಿ ಒಂದೇ ದಿನ ಇಬ್ಬರು ರೋಗಿಗಳು, ಸಣ್ಣ ಶಸ್ತ್ರಚಿಕಿತ್ಸೆಗೆಂದು ಬೆನ್ನುಹುರಿಗೆ ಅರಿವಳಿಕೆ ಚುಚ್ಚಿಸಿಕೊಂಡು, ಸೊಂಟದಿಂದ ಕೆಳಗೆ ಶಾಶ್ವತವಾಗಿ ಸ್ವಾಧೀನ ತಪ್ಪಿದರು. ಔಷಧದ ಗಾಜಿನ ಕುಪ್ಪಿಗಳನ್ನು ಶುದ್ಧಿಗೆಂದು ಫೀನಾಲ್ ದ್ರವದಲ್ಲಿ ಇಟ್ಟಿದ್ದರು. ಕಣ್ಣಿಗೆ ಕಾಣದ ಬಿರುಕುಗಳಿಂದ ಅದು ಒಳಗೆ ಜಿನುಗಿದ್ದಿತು. ಅಂತಹ ಬಿರುಕುಗಳ ಸಂಗತಿ ವೈದ್ಯಲೋಕಕ್ಕೆ ತಿಳಿದದ್ದು ಅನಂತರ. 1947ರ ದುರ್ಘಟನೆಯನ್ನು 1954ರ ಅರಿವಿನಿಂದ ನೋಡಕೂಡದೆಂದು ನ್ಯಾಯಾಲಯ ಹೇಳಿತು. ಮಾತು ನ್ಯಾಯವಾದುದು. ರೋಗಿಗಳು ಬರಿಗೈಯಲ್ಲಿ ಹಿಂದಿರುಗಿದರು.

ಕೆಲವು ವೇಳೆ ಘಟನೆಯೇ ಸಾಕ್ಷಿ ನುಡಿಯುವುದುಂಟು. 1863ರಲ್ಲಿ ತೀರ್ಪಾದ ದಾವೆಯಲ್ಲಿ, ಲಿವರ್‌ಪೂಲಿನ ಬೀದಿಯಲ್ಲಿ ಹೋಗುತ್ತಿದ್ದವನ ಮೇಲೆ ಅಂಗಡಿಯ ಮೇಲಂತಸ್ತಿನಿಂದ ಹಿಟ್ಟಿನ ಪೀಪಾಯಿ ಉರುಳಿಬಿದ್ದಿದ್ದಿತು; ಪೀಪಾಯಿಗಳು ತಾವಾಗಿ ಕಿಟಕಿಯಿಂದ ಹಾರುವುದಿಲ್ಲವಾದ್ದರಿಂದ, ಎಚ್ಚರವಿದ್ದಿತೆಂಬುದನ್ನು ತೋರಿಸುವ ಭಾರ ಅಂಗಡಿಯವನದೆಂದಾಯಿತು. ದೆಹಲಿಯ ಚಾಂದನಿ ಚೌಕದ ಗಡಿಯಾರಗೋಪುರವು 1951ರಲ್ಲಿ ಕುಸಿದು ದಾರಿಯಲ್ಲಿದ್ದವರು ಮೃತರಾದಾಗ, ಅದೇ ನ್ಯಾಯದ ಮೇಲೆ ನಮ್ಮ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ಪೌರಸಂಸ್ಥೆಯನ್ನು ಹೊಣೆಮಾಡಿತು.

ಕರ್ತವ್ಯವೂ ಉಂಟು, ಅದರ ಉಲ್ಲಂಘನೆಯೂ ಆಯಿತು, ಅಲ್ಲಿಗೆ ಮುಗಿಯಲಿಲ್ಲ. ಉಲ್ಲಂಘನೆಯಿಂದಲೇ ಹಾನಿಯಾಯಿತೇ? 1966ರ ಹೊಸವರ್ಷದ ಮೊದಲ ಬೆಳಗಿನ ಜಾವ, ಲಂಡನ್ನಿನ ಕಾಲೇಜೊಂದರ ಮೂವರು ರಾತ್ರಿಕಾವಲುಗಾರರು ಚಹಾ ಕುಡಿದು ವಾಂತಿ ಮಾಡಿಕೊಳ್ಳುತ್ತ ಆಸ್ಪತ್ರೆಗೆ ಬಂದರು. ದಾದಿಯು ದೂರವಾಣಿಯಲ್ಲಿ ವೈದ್ಯನಿಗೆ ತಿಳಿಸಿದಳು. ತಾನೂ ಅಸ್ವಸ್ಥನಾಗಿದ್ದ ವೈದ್ಯನು, ಮನೆಗೆ ಹೋಗಿ ತಮ್ಮ ತಮ್ಮ ವೈದ್ಯರನ್ನು ಕರೆಸಿಕೊಳ್ಳಲಿ ಎಂದು ಹೇಳಿ ಕಳುಹಿಸಿದನು. ಮಧ್ಯಾಹ್ನದ ಹೊತ್ತಿಗೆ ಅವರಲ್ಲೊಬ್ಬನು ಸತ್ತನು. ಚಹಾದಲ್ಲಿ ಪಾಷಾಣ ಬೆರೆತಿದ್ದಿತು. ಬಂದ ರೋಗಿಯನ್ನು ನೋಡಬೇಕಾದುದು ವೈದ್ಯನ ಕರ್ತವ್ಯ, ನೋಡದಿದ್ದುದು ತಪ್ಪು, ಎಂದು ನ್ಯಾಯಾಧೀಶನು ಸ್ಪಷ್ಟವಾಗಿ ಹೇಳಿದನು. ಆದರೆ ಆಗಲೇ ದಾಖಲು ಮಾಡಿಕೊಂಡು ಪರೀಕ್ಷೆಗಳನ್ನು ನಡೆಸಿದ್ದರೂ, ವಿಷವಾವುದೆಂದು ತಿಳಿದು ಪ್ರತ್ಯೌಷಧವನ್ನು ಕೊಡುವುದರೊಳಗೆ ಅವನು ಹೇಗೂ ಸಾಯುತ್ತಿದ್ದನೆಂದು ಸಾಕ್ಷ್ಯದಿಂದ ಕಂಡುಬಂದುದರಿಂದ, ವಿಧವೆಯ ದಾವೆ ವಜಾ ಆಯಿತು. ತರ್ಕದಲ್ಲಿ ಲೋಪವಿಲ್ಲ. ಆದರೆ ತಿರಸ್ಕೃತನಾಗಿ ಹೊರಬಿದ್ದು ಸಾಯುವುದಕ್ಕೂ, ಹಾಸಿಗೆಯ ಮೇಲೆ ಯಾರೋ ಕೈಹಿಡಿದುಕೊಂಡಿರಲು ಸಾಯುವುದಕ್ಕೂ ಇರುವ ಅಂತರವನ್ನು ತೂಗುವ ತಕ್ಕಡಿ ಈ ಕಾನೂನಿನಲ್ಲಿಲ್ಲವಲ್ಲ ಎಂಬ ವ್ಯಥೆ ನನ್ನನ್ನು ಬಿಟ್ಟಿಲ್ಲ.

ಹಾನಿ ಎಷ್ಟು ದೂರ ಹರಿದರೂ ತಪ್ಪಿದವನದೇ ಹೊಣೆಯೆಂದು 1921ರಲ್ಲಿ ಹೇಳಿದ್ದರು: ಹಡಗಿನ ಉಗ್ರಾಣಕ್ಕೆ ಬಿದ್ದ ಹಲಗೆಯೊಂದರಿಂದ ಕಿಡಿಯೆದ್ದು, ಪೆಟ್ರೋಲಿನ ಆವಿ ಹೊತ್ತಿ, ಹಡಗೇ ಸುಟ್ಟುಹೋಗಿದ್ದಿತು. ನಲವತ್ತು ವರ್ಷಗಳ ಅನಂತರ, ಸಿಡ್ನಿಯ ಬಂದರಿನಲ್ಲಿ ಚೆಲ್ಲಿದ ಎಣ್ಣೆ ನೀರಿನ ಮೇಲೆ ತೇಲಿಹೋಗಿ, ಬೆಸುಗೆಯ ಕಿಡಿಯಿಂದ ಹೊತ್ತಿದ ದಾವೆಯಲ್ಲಿ, ಯಾವ ಬಗೆಯ ಹಾನಿಯನ್ನು ವಿವೇಕಿಯು ಮುಂಗಾಣಬಹುದಾಗಿದ್ದಿತೋ ಆ ಬಗೆಯದಕ್ಕೆ ಮಾತ್ರ ಹೊಣೆಯೆಂದು ಲಂಡನ್ನಿನ ಮೇಲ್ಮನವಿಪೀಠವಾದ ಪ್ರಿವಿ ಕೌನ್ಸಿಲ್ ನಿಯಮವನ್ನು ಬದಲಾಯಿಸಿತು. ಆದರೂ 1962ರ ಒಂದು ತೀರ್ಪಿನಂತೆ, ತುಟಿಯ ಸುಟ್ಟಗಾಯವನ್ನು ಮುಂಗಾಣಬಹುದಾಗಿದ್ದರೆ, ಪೆಟ್ಟು ತಿಂದವನ ದೇಹಸ್ವಭಾವದಿಂದ ಅದು ಕ್ಯಾನ್ಸರಾಗಿ ಅವನು ಸತ್ತರೂ ಹೊಣೆ ತಪ್ಪುವುದಿಲ್ಲ. ನೆರೆಯವನನ್ನು ಅವನಿದ್ದಂತೆಯೇ ಸ್ವೀಕರಿಸಬೇಕು.

ವಾದಿಯ ಎಚ್ಚರವೂ ವಿಚಾರಣೆಗೆ ಹೊರತಲ್ಲ. ರಸ್ತೆಗೆ ಅಡ್ಡಲಾಗಿ ಗಳುವನ್ನು ಹಾಕಿದವನ ಮೇಲೆ, ಮುಸ್ಸಂಜೆಯಲ್ಲಿ ಕುದುರೆಯನ್ನು ಅತಿವೇಗದಿಂದ ಓಡಿಸಿ ಬಿದ್ದವನು ಹೂಡಿದ ದಾವೆ 1809ರಲ್ಲಿ ಸಂಪೂರ್ಣವಾಗಿ ಸೋತಿತು. ತನ್ನ ತಪ್ಪು ಒಂದು ಗುಲಗಂಜಿಯಷ್ಟಿದ್ದರೂ ಏನೂ ದೊರೆಯದೆಂಬ ಈ ಕ್ರೂರ ನಿಯಮ 1945ರ ಶಾಸನದವರೆಗೆ ಬಾಳಿತು. ಈಗ ತಪ್ಪಿನ ಪಾಲನ್ನು ನೋಡಿ ಪರಿಹಾರವನ್ನು ತಗ್ಗಿಸುತ್ತಾರೆ. ಸೀಟ್ ಬೆಲ್ಟ್ ಕಟ್ಟಿಕೊಂಡಿದ್ದರೆ ಪೂರ್ತಿಯಾಗಿ ತಪ್ಪುತ್ತಿದ್ದ ಗಾಯಕ್ಕೆ ಶೇಕಡಾ 25ನ್ನು ಕಳೆಯುವುದು ಅಲ್ಲಿನ ವಾಡಿಕೆ. ಮೊಣಕಾಲು ಮುರಿದುಕೊಂಡ ಆ ಶಿಕ್ಷಕನಿಗೂ, ವಾಹನದ ಹತೋಟಿಯಲ್ಲಿ ಅವನದೂ ಪಾಲಿದ್ದುದರಿಂದ, ಅರ್ಧವೇ ದೊರೆಯಿತು.

ಹೀಗೆ ಸೋಸುತ್ತ ಬಂದಾಗ, ನೋವುಂಡೂ ಏನನ್ನೂ ಪಡೆಯದವರ ಸಾಲೊಂದು ಉಳಿಯುತ್ತದೆ: ಚೆಂಡಿನ ಪೆಟ್ಟು ತಿಂದ ಮಿಸ್ ಸ್ಟೋನ್, ಚೆಸ್ಟರ್‌ಫೀಲ್ಡಿನ ಇಬ್ಬರು, ಕಾವಲುಗಾರನ ವಿಧವೆ. ಅವರ ಗಾಯ, ಗೆದ್ದವರ ಗಾಯಕ್ಕಿಂತ ಕಡಿಮೆಯದಲ್ಲ. ಬೇರೊಬ್ಬನ ತಪ್ಪನ್ನು ತೋರಿಸಲು, ಅಥವಾ ಆ ತಪ್ಪಿನಿಂದಲೇ ಕೇಡಾಯಿತೆಂದು ತೋರಿಸಲು ಅವರಿಂದಾಗಲಿಲ್ಲ, ಅಷ್ಟೆ. ಇದನ್ನು ಸಹಿಸದ ನ್ಯೂಜಿಲೆಂಡ್ ದೇಶವು 1974ರಿಂದ, ಅಪಘಾತದಲ್ಲಿ ಗಾಯಗೊಂಡವರಿಗೆ ತಪ್ಪು ಯಾರದೆಂದು ಕೇಳದೆಯೇ ಸಾರ್ವಜನಿಕ ನಿಧಿಯಿಂದ ನೆರವು ನೀಡಿ, ಅಂತಹ ದಾವೆಗಳನ್ನು ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದೆ. ಗಾಯಗೊಂಡವನ ಕಡೆಯಿಂದ ನೋಡಿದರೆ ಅದು ಹೆಚ್ಚು ಕರುಣೆಯ ಮಾರ್ಗವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನೀನು ನಿನ್ನ ನೆರೆಯವನನ್ನು ನೆನೆದೆಯಾ ಎಂದು ಒಬ್ಬನನ್ನು ನಿಲ್ಲಿಸಿ, ಬಹಿರಂಗವಾಗಿ, ಪ್ರಮಾಣಪೂರ್ವಕವಾಗಿ ಕೇಳುವ ಜಾಗ ಅಲ್ಲಿ ಇಲ್ಲವಾಗುತ್ತದೆ. ಆ ಪ್ರಶ್ನೆಯನ್ನು ಕಳೆದುಕೊಳ್ಳುವುದಕ್ಕೂ ನನ್ನ ಮನಸ್ಸು ಒಪ್ಪದು.

ಪೇಸ್ಲಿಯ ಬಾಟಲಿಯ ವಿಷಯದಲ್ಲಿಯಾದರೂ ಆ ಪ್ರಶ್ನೆಯನ್ನು ಕೇಳಿದರೇ ಎಂದರೆ, ಇಲ್ಲ. ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ್ದು, ಆಕೆ ಹೇಳಿದುದೆಲ್ಲ ನಿಜವೆಂದು ಇಟ್ಟುಕೊಂಡರೆ ಕಾನೂನು ಆಕೆಗೆ ದಾರಿ ಕೊಡುವುದೇ ಎಂಬುದನ್ನಷ್ಟೆ. ಸಾಕ್ಷಿಗಳನ್ನು ವಿಚಾರಿಸುವುದಕ್ಕಾಗಿ ಮೊಕದ್ದಮೆಯು ಸ್ಕಾಟ್ಲೆಂಡಿಗೆ ಹಿಂದಿರುಗಬೇಕಾಗಿದ್ದಿತು. ಅದೇ ವರ್ಷ ಸ್ಟೀವನ್‌ಸನ್ ಕಾಲವಾದನು. ಅವನ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದವರು 1934ರಲ್ಲಿ 200 ಪೌಂಡು ಕೊಟ್ಟು ರಾಜಿ ಮಾಡಿಕೊಂಡರು. ಬಾಟಲಿಯಲ್ಲಿ ಹುಳುವಿದ್ದಿತೇ, ಅದು ತಯಾರಕನ ಅಲಕ್ಷ್ಯದಿಂದಲೇ ಸೇರಿದ್ದಿತೇ ಎಂಬುದನ್ನು ಯಾವ ನ್ಯಾಯಾಲಯವೂ ಕೇಳಲಿಲ್ಲ, ಯಾವ ಸಾಕ್ಷಿಯೂ ಹೇಳಲಿಲ್ಲ. ಲೋಕಕ್ಕೆ ನಿರ್ಲಕ್ಷ್ಯದ ಕಾನೂನನ್ನು ತಂದುಕೊಟ್ಟ ಆ ಬಡ ಹೆಂಗಸಿನ ಕೈಗೆ ಹಣ ಬಂದದ್ದು, ಯಾರ ನಿರ್ಲಕ್ಷ್ಯವೂ ಸಿದ್ಧವಾಗದೆಯೇ.